ಆಮೆ ಕಲ್ಲು ಹತ್ತಿ ಬಿಸಿಲು ಕಾಯಿಸುವುದೇಕೆ

ಬಾ ಧಾನ್ಯಾ, ಕೂತ್ಕೋ. ನಿನ್ನ ಆಮೆ ಮುಟ್ಟಿದ ಕೈ ತೊಳೆದ್ಯಾ? ಸೋಪು ಹಾಕಿ ತೊಳೆದ್ಯಾ, ಇಲ್ಲಾ ನೀರು ತೋರಿಸಿ ಬಂದ್ಯಾ? ಹೋಗು, ಮತ್ತೊಮ್ಮೆ ತೊಳಿ. ಹ್ಞಾಂ, ಈಗ ಕೇಳು. ಆಮೆ ಸಾಕೋರು ಈ ಕಥೆ ಕೇಳಲೇಬೇಕು.

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟದ ಮೇಲೆ ನಡೆದರೂ ಹೆಜ್ಜೆ ಮೂಡುತ್ತಿತ್ತಂತೆ. ಗಾಳಿ ಮಾತಾಡುತ್ತಿತ್ತು, ಕೆರೆ ಮಾತಾಡುತ್ತಿತ್ತು, ಸೂರ್ಯ ಅಂತೂ ಹುಟ್ಟಿದಾಗಿಂದ ಮುಳುಗೋವರೆಗೆ ಬಾಯಿ ಮುಚ್ಚುತ್ತಿರಲಿಲ್ಲ. ಆಮೆಗೂ ಮಾತು ಬರುತ್ತಿತ್ತು. ಬರುತ್ತಿತ್ತು, ಆದರೆ ಆಡುತ್ತಿರಲಿಲ್ಲ. ಅಷ್ಟು ಸಂಕೋಚದ ಪ್ರಾಣಿ.

ಆಗ ಕೆಂಚವ್ವ ಅಂತ ಒಬ್ಬಳಿದ್ದಳು. ಮಡಕೆ ಮಾಡುವವಳು. ಮಾತು ಜೋರು, ಕೈ ಇನ್ನೂ ಜೋರು. ಒಂದು ದಿನ ಕೆರೆಯಂಗಳದಿಂದ ಮಣ್ಣು ತುಂಬಿಕೊಂಡು ಬಂದು ಬುಟ್ಟಿ ಸುರಿದರೆ, ಮಣ್ಣಿನ ಜೊತೆ ದುಂಡಗಿನ ಏನೋ ಒಂದು ಬಿತ್ತು.

"ಅಯ್ಯೋ ಶಿವನೇ! ಇದ್ಯಾರು ಮಾಡಿದ ಮಡಕೆ? ಎಷ್ಟು ಚೆಂದ ತಟ್ಟಿದ್ದಾರೆ!" ಅಂದಳು ಕೆಂಚವ್ವ. ಅಷ್ಟರಲ್ಲಿ ಮಡಕೆಯಿಂದ ನಾಲ್ಕು ಕಾಲು ಬಂದವು, ಒಂದು ತಲೆ ಬಂತು. ಕೆಂಚವ್ವ ಹೆದರುವವಳಾ? "ಜೀವ ಇರೋ ಮಡಕೆ! ನನಗೇ ಇರಲಿ," ಅಂದು ಎತ್ತಿಕೊಂಡಳು. ಮಕ್ಕಳಿಲ್ಲದ ಹೆಂಗಸು, ಅದರ ಮೇಲೆ ಪ್ರಾಣವನ್ನೇ ಇಟ್ಟುಬಿಟ್ಟಳು.

ಈಗ ನೋಡು, ಹಸಿ ಮಡಕೆಯನ್ನ ಬಿಸಿಲಿಗೆ ಇಡಬಾರದು. ಇಟ್ಟರೆ ಬಿರುಕು ಬಿಡುತ್ತೆ. ಮೊದಲು ನೆರಳಲ್ಲೇ ಆರಬೇಕು. ಇದು ಮಡಕೆ ಮಾಡೋರಿಗೆಲ್ಲ ಗೊತ್ತು. ಕೆಂಚವ್ವನಿಗೂ ಗೊತ್ತು. ಗೊತ್ತಿದ್ದದ್ದೇ ತಪ್ಪಾಯ್ತು.

"ನನ್ನ ಬಂಗಾರದ ಬೆನ್ನು ಬಿರುಕು ಬಿಟ್ಟೀತು," ಅಂತ ಆಮೆಯನ್ನ ಬಾನಿಯ ನೀರಿಗೆ ಬಿಟ್ಟು, ಬಾನಿಯನ್ನ ಮಡಕೆ ಆರಿಸುವ ಚಪ್ಪರದ ಮೂಲೆಯಲ್ಲಿಟ್ಟಳು. ಸುತ್ತ ತೆಂಗಿನ ಗರಿಯ ತಟ್ಟಿ ಕಟ್ಟಿದಳು. ಒಂದು ಎಳೆ ಬಿಸಿಲೂ ಒಳಗೆ ಬರದ ಹಾಗೆ. ಹೊತ್ತು ಹೊತ್ತಿಗೆ ರಾಗಿಮುದ್ದೆ ಹಾಕಿದಳು. ಹುಳ ಇಲ್ಲ, ಮೀನಿಲ್ಲ, ಸೊಪ್ಪಿಲ್ಲ. ಬರೀ ಮುದ್ದೆ!

ಆಮೆಗೆ ಬಿಸಿಲು ಬೇಕಿತ್ತು. ಹೇಳಲಿಲ್ಲ. ಮುದ್ದೆ ಸೇರುತ್ತಿರಲಿಲ್ಲ. ಹೇಳಲಿಲ್ಲ. ಬಾನಿಯ ನೀರು ನಾರುತ್ತಿತ್ತು. ಅದನ್ನೂ ಹೇಳಲಿಲ್ಲ.

ತಟ್ಟಿಯ ಸಂದಿಯಿಂದ ಗಾಳಿ ನುಸುಳಿ ಬಂದು ಕೇಳಿತು: "ಯಾಕೋ ತಮ್ಮಾ, ಹೀಗೆ ಬಾಡಿದ್ದೀಯ?"

"ಏನಿಲ್ಲಣ್ಣ."

"ಹುಷಾರಿಲ್ವಾ?"

"ಹುಷಾರಾಗೇ ಇದ್ದೀನಿ."

"ಸುಳ್ಳು! ಅವಳಿಗೆ ಒಂದು ಮಾತು ಹೇಳಬಾರದಾ?"

"ಅಷ್ಟು ಪ್ರೀತಿಯಿಂದ ಇಡ್ತಾಳೆ ಅಣ್ಣಾ. ಬೇಡ ಅಂತ ಹ್ಯಾಗೆ ಹೇಳಲಿ?" ಅಂತು ಆಮೆ, ಕತ್ತು ಒಳಗೆಳೆದುಕೊಂಡಿತು.

ನೋಡಿದ್ಯಾ ಪೆದ್ದುತನ! ಬಾಯಿ ಇದ್ದವ ಬರಗಾಲದಲ್ಲೂ ಬದುಕಿದ ಅಂತಾರೆ. ಇದಕ್ಕೆ ಬಾಯಿ ಇದ್ದೂ ಇಲ್ಲ. ನನಗಂತೂ ಕಥೆಯ ಈ ಜಾಗಕ್ಕೆ ಬಂದಾಗಲೆಲ್ಲ ಸಿಟ್ಟು ಬರುತ್ತೆ.

ಒಂದು ದಿನ ಆಮೆ ಮುದ್ದೆಯ ಕಡೆ ತಿರುಗಿಯೂ ನೋಡಲಿಲ್ಲ. ಕೆಂಚವ್ವ ಅದನ್ನ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಮಡಕೆ ಪರೀಕ್ಷೆ ಮಾಡುವ ಹಾಗೆ ಬೆರಳಲ್ಲಿ ಚಿಪ್ಪನ್ನ ಬಡಿದಳು. ಟಣ್ ಅನ್ನಬೇಕಾದದ್ದು ಬೊದ್ ಅಂತು. ಹೆಬ್ಬೆರಳಲ್ಲಿ ಒತ್ತಿದಳು. ಒಳಕ್ಕೆ ಹೋಯ್ತು!

"ಅಯ್ಯೋ ನನ್ನ ಕಂದಾ, ಮೆತ್ತಗಾಗಿಬಿಟ್ಟೆಯಲ್ಲೋ!" ಅಂತ ಅತ್ತಳು. ಅತ್ತು ಸುಮ್ಮನಿರುವ ಜಾತಿಯಲ್ಲ ಅವಳು. "ಮೆತ್ತಗಿರೋ ಮಡಕೆಗೆ ಮದ್ದು ಬೆಂಕಿ. ಚೆನ್ನಾಗಿ ಸುಟ್ಟರೆ ಕಲ್ಲಿನ ಹಾಗೆ ಗಟ್ಟಿಯಾಗ್ತೀಯ," ಅಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಆಮೆಯನ್ನ ಎದೆಗವಚಿಕೊಂಡು, ಮಡಕೆ ಸುಡುವ ಆವಿಗೆಯ ಕಡೆ ಹೊರಟಳು. ಪ್ರೀತಿಯಿಂದಲೇ ಹೊರಟಳು ಕಣೇ, ಅದೇ ಭಯಂಕರ!

ಆವಿಗೆ ಧಗಧಗ ಅನ್ನುತ್ತಿತ್ತು. ಕೆಂಚವ್ವ ಕೈ ಚಾಚಿದಳು. ಆಮೆಯ ಮೂಗಿಗೆ ಬಿಸಿ ತಾಗಿತು.

"ಅವ್ವಾ! ನಾನು ಮಡಕೆ ಅಲ್ಲವ್ವಾ!"

ಎಂಥ ಕೂಗು ಅಂತೀಯಾ! ಮರದ ಹಕ್ಕಿಗಳೆಲ್ಲ ಹಾರಿಹೋದವು. ಕೆಂಚವ್ವ ಚಾಚಿದ ಕೈ ಹಿಂದಕ್ಕೆಳೆದುಕೊಂಡಳು.

"ಮಾತು ಬರುತ್ತಾ ನಿನಗೆ? ಮೂಳ, ಮೊದಲೇ ಬಾಯಿ ಬಿಡೋಕೆ ಏನಾಗಿತ್ತು ರೋಗ?"

"ನೀನು ನೊಂದ್ಕೋತೀಯ ಅಂತ ಅವ್ವಾ. ನನಗೆ ಬಿಸಿಲು ಬೇಕು. ಹುಳ ಬೇಕು, ಮೀನು ಬೇಕು, ಸೊಪ್ಪು ಬೇಕು. ನೀರು ಬದಲಾಯಿಸು," ಅಂತು ಆಮೆ. ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ದನಿ ಕ್ಷೀಣವಾಯ್ತು. ಆಡದೆ ಆಡದೆ ತುಕ್ಕು ಹಿಡಿದಿದ್ದ ಗಂಟಲು, ಆ ಒಂದು ಕೂಗಿಗೆ ಹರಿದೇಹೋಗಿತ್ತು. ಆಮೇಲೆ ಆಮೆ ಮಾತಾಡಲೇ ಇಲ್ಲ.

ಮೇಲಿಂದ ಸೂರ್ಯ ಗದರಿದ: "ಅಮ್ಮಾ ಕೆಂಚವ್ವಾ, ತಟ್ಟಿ ತೆಗಿ! ಬಾನಿಯೊಳಗೆ ಒಂದು ಕಲ್ಲಿಡು, ಅರ್ಧ ನೀರಲ್ಲಿ, ಅರ್ಧ ಹೊರಗೆ. ಬೇಕೆನಿಸಿದಾಗ ಅದು ಹತ್ತಲಿ, ಸಾಕೆನಿಸಿದಾಗ ಇಳಿಯಲಿ. ಮಿಕ್ಕಿದ್ದು ನನಗೆ ಬಿಡು."

ಕೆಂಚವ್ವ ಹಾಗೇ ಮಾಡಿದಳು. ಆಮೆ ಕಲ್ಲು ಹತ್ತಿತು, ಕತ್ತು ಚಾಚಿತು, ಕಾಲು ಚಾಚಿತು. ದಿನ ಹೋಗಿ ತಿಂಗಳು ಬಂತು, ತಿಂಗಳು ಹೋಗಿ ಮಳೆಗಾಲ ಬಂತು. ಮೆಲ್ಲಮೆಲ್ಲಗೆ ಚಿಪ್ಪು ಗಟ್ಟಿಯಾಯ್ತು. ಬಡಿದರೆ ಟಣ್!

ಆದರೂ ಕೆಂಚವ್ವನಿಗೆ ನಿದ್ದೆ ಹತ್ತಲಿಲ್ಲ. ಕೆರೆಯ ದಡಕ್ಕೆ ಹೋಗಿ ಕೇಳಿದಳು: "ತಾಯಿ, ಇನ್ನೊಂದು ಸಲ ಇದು ಕಾಯಿಲೆ ಬಿದ್ದರೆ ನನಗೆ ಹ್ಯಾಗೆ ತಿಳಿಬೇಕು? ದನಿಯೂ ಹೋಯ್ತಲ್ಲ!"

ಕೆರೆ ಅಂತು: "ಬಾಯಿ ಹೇಳದಿದ್ದರೆ ಮೈ ಹೇಳಲಿ ಬಿಡು. ಬೇಕಾದ್ದು ತಿನ್ನದಿದ್ದರೆ ಕಣ್ಣು ಊದಲಿ. ಎದೆಗೆ ಶೀತ ಇಳಿದರೆ ಮೂಗಲ್ಲಿ ಗುಳ್ಳೆ ಬರಲಿ, ಈಜುವಾಗ ಒಂದು ಕಡೆ ವಾಲಲಿ. ಬಿಸಿಲು ಸಾಲದಿದ್ದರೆ ಹಿಂದಿನ ಹಾಗೇ ಚಿಪ್ಪು ಮೆತ್ತಗಾಗಲಿ. ಇಷ್ಟು ನಾನು ಕೊಟ್ಟೆ. ದಿನಾ ನೋಡೋ ಕಣ್ಣು ನಿನ್ನದಿರಲಿ."

ಅಂದಿನಿಂದ ಕೆಂಚವ್ವ ಬೆಳಗಾಗೆದ್ದು ಒಲೆ ಹಚ್ಚುವ ಮುಂಚೆ ಆಮೆಯ ಮುಖ ನೋಡುತ್ತಿದ್ದಳು.

ಅದಕ್ಕೇ ಇವತ್ತಿಗೂ ಆಮೆ ಬಿಸಿಲು ಕಂಡ ಕೂಡಲೇ ಕಲ್ಲು ಹತ್ತಿ, ಕತ್ತು ಕಾಲು ಚಾಚಿ ಕೂರುತ್ತೆ. ಅದಕ್ಕೇ ಎಷ್ಟು ನೋವಾದರೂ ಒಂದು ಸದ್ದು ಮಾಡಲ್ಲ. ಕಣ್ಣು ಊದಿಸಿಕೊಂಡು, ಊಟ ಬಿಟ್ಟು, ಮೂಲೆಯಲ್ಲಿ ಮುದುಡಿ ಕೂತಿದೆ ಅಂದರೆ, ಅದು ಸುಮ್ಮನಿದೆ ಅಂದ್ಕೋಬೇಡ ಮಗಾ, 'ಅವ್ವಾ' ಅಂತ ಗಂಟಲು ಹರಿಯೋ ಹಾಗೆ ಕೂಗ್ತಾ ಇದೆ ಅಂತಲೇ ತಿಳಿದು, ಅವತ್ತೇ ಎತ್ತಿಕೊಂಡು ಡಾಕ್ಟರ ಹತ್ತಿರ ಓಡು.