ಪಡೆದವನಿಗಿಲ್ಲದ ಗುಂಡಿ

“ಗುರುಗಳೇ, ನಾವು ಕೊಟ್ಟದ್ದನ್ನು ಒಬ್ಬರು ಹಿಂದಕ್ಕೆ ಕಳಿಸದೆ ಇಟ್ಟುಕೊಂಡಿದ್ದಾರೆ ಎಂದರೆ, ನಮ್ಮ ಮೇಲೆ ಅವರಿಗೆ ಇನ್ನೂ ಪ್ರೀತಿ ಇದೆ ಎಂದೇ ಅರ್ಥವಲ್ಲವೇ?” ಎಂದು ಶಿವಪುತ್ರ ಕೇಳಿದ.

ಅಡವಯ್ಯ ಗುರುಗಳು ಶಿಷ್ಯನ ಮುಖ ನೋಡಿದರು. ಮುನಿಸಿಕೊಂಡ ಅಕ್ಕನಿಗೆ ಅವನು ಹಬ್ಬ ಹಬ್ಬಕ್ಕೂ ಸೀರೆ ಕಳಿಸುತ್ತಿದ್ದುದು ಮಠದಲ್ಲಿ ಎಲ್ಲರಿಗೂ ಗೊತ್ತಿತ್ತು. ಅಕ್ಕನ ಸುದ್ದಿ ಎತ್ತದೆ ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದು ಪಟ್ಟಣದಲ್ಲಿ ಒಬ್ಬ ವ್ಯಾಪಾರಿ ಇದ್ದ. ಅಕ್ಕಿ ಬೇಳೆ ಮಾರುವವನಲ್ಲ, ಶಕ್ತಿಯನ್ನು ಬಾಡಿಗೆಗೆ ಕೊಡುವವನು. ನಗಬೇಡ, ಕೇಳು. ಕಂಪ್ಯೂಟರಿನವರ ಬ್ಲಾಕ್‌ಚೈನ್ ಎಂಬ ಜಾಲವಿದೆಯಷ್ಟೆ. ಅಂಥ ಒಂದು ಜಾಲದಲ್ಲಿ ಹಣ ಕಳಿಸಬೇಕಾದರೆ ಎನರ್ಜಿ ಎಂಬ ಶಕ್ತಿ ಬೇಕು. ತನ್ನ ನಾಣ್ಯಗಳನ್ನು ಅಲ್ಲಿ ಕಟ್ಟಿಟ್ಟವನಿಗೆ ಅದು ಬಾವಿಯ ನೀರಿನ ಹಾಗೆ ಊರುತ್ತದೆ, ಖರ್ಚಾದಷ್ಟೂ ಮತ್ತೆ ತುಂಬಿಕೊಳ್ಳುತ್ತದೆ. ಇಲ್ಲದವರು ಇದ್ದವರಿಂದ ಬಾಡಿಗೆಗೆ ಪಡೆಯುತ್ತಾರೆ. ಇದೆಲ್ಲ ನನಗೆ ಹೇಗೆ ಗೊತ್ತು ಎಂದು ಹುಬ್ಬೇರಿಸಬೇಡ. ಮಠಕ್ಕೆ ಬರುವವರು ಹೇಳದೆ ಬಿಡುವ ಸುದ್ದಿ ಯಾವುದಿದೆ?

ಆ ವ್ಯಾಪಾರಿಗೆ ಒಬ್ಬ ಗೆಳೆಯನಿದ್ದ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಒಂದು ದಿನ ಮಾತಿಗೆ ಮಾತು ಬೆಳೆಯಿತು. ಇನ್ನು ನಿನ್ನ ಮುಖ ನೋಡುವುದಿಲ್ಲ ಎಂದು ಗೆಳೆಯ ಎದ್ದು ಹೋದ. ವ್ಯಾಪಾರಿಯೂ ಹಟಮಾರಿ, ಹೋದರೆ ಹೋಗಲಿ ಎಂದ. ಹಾಗೆಂದವನಿಗೆ ವಾರ ಕಳೆಯುವುದರೊಳಗೆ ಗೆಳೆಯನಿಲ್ಲದೆ ಊಟ ಸೇರದಾಯಿತು. ಗೆಳೆಯನ ಬ್ಲಾಕ್‌ಚೈನ್ ವಿಳಾಸ, ಅಂದರೆ ಖಾತೆಯ ಗುರುತು, ಅವನ ಬಳಿ ಇತ್ತು. ಯಾವ ಮಾತೂ ಆಡದೆ, ಬಾಡಿಗೆಯನ್ನೂ ಕೇಳದೆ, ತನ್ನ ಶಕ್ತಿಯ ಒಂದು ಪಾಲನ್ನು ಆ ವಿಳಾಸಕ್ಕೆ ಬಿಟ್ಟುಕೊಟ್ಟ.

ಅಂದಿನಿಂದ ಅವನಿಗೆ ಅದೇ ಒಂದು ಹುಚ್ಚು. ಬೆಳಿಗ್ಗೆ ಎದ್ದೊಡನೆ ಕಂಪ್ಯೂಟರಿನಲ್ಲಿ ಆ ಪಾಲನ್ನು ನೋಡುವನು. ಸ್ವಲ್ಪ ಇಳಿದಿದ್ದರೆ, “ನನ್ನದನ್ನು ಬಳಸಿದ್ದಾನೆ, ಪುಣ್ಯಾತ್ಮ” ಎಂದು ಕಣ್ಣು ತುಂಬಿಕೊಳ್ಳುವನು. ಇಳಿಯದ ದಿನ ಗೆಳೆಯನಿಗೆ ಮೈ ಹುಷಾರಿಲ್ಲವೇನೋ ಎಂದು ಚಡಪಡಿಸುವನು. ಗೆಳೆಯ ಚಹಾವನ್ನು ಬಸಿ ತಟ್ಟೆಗೆ ಸುರಿದು ಊದಿ ಊದಿ ಕುಡಿಯುತ್ತಿದ್ದುದು ನೆನಪಾಗುತ್ತಿತ್ತು. “ಸಿಟ್ಟಿದ್ದರೆ ಯಾವತ್ತೋ ನನ್ನ ಮುಖಕ್ಕೆ ಬಿಸಾಡುತ್ತಿದ್ದ. ಇಟ್ಟುಕೊಂಡಿದ್ದಾನೆ. ಇವತ್ತಲ್ಲ ನಾಳೆ ಬಂದೇ ಬರುತ್ತಾನೆ” ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಹೀಗೆ ವರ್ಷಗಳೇ ಉರುಳಿದವು.

ವ್ಯಾಪಾರ ಬೆಳೆಯಿತು. ಅವಧಿ ಮುಗಿದ ಬಾಡಿಗೆಗಳನ್ನು ಒಂದೊಂದಾಗಿ ರದ್ದು ಮಾಡಿ ಶಕ್ತಿಯನ್ನು ಹಿಂದಕ್ಕೆ ಪಡೆಯುವುದರಲ್ಲಿ ಅವನಿಗೆ ಸಾಕುಸಾಕಾಯಿತು. ಸಾಫ್ಟ್‌ವೇರ್ ಬರೆಯುವ ಒಬ್ಬ ಹೆಣ್ಣುಮಗಳನ್ನು ಕರೆಸಿದ. ಅವಳು ಆ ಕೆಲಸವನ್ನು ತಾನಾಗಿಯೇ ಮಾಡುವ ಸಾಫ್ಟ್‌ವೇರ್ ಒಂದನ್ನು ಸಿದ್ಧಮಾಡಿದಳು. ಅದನ್ನು ಚಾಲೂ ಮಾಡುವ ಮುಂಚೆ ಕೇಳಿದಳು:

“ಅಣ್ಣಾ, ಈ ಒಂದು ವಿಳಾಸದಿಂದ ಬಾಡಿಗೆಯೇ ಬಂದಿಲ್ಲವಲ್ಲ. ರದ್ದು ಮಾಡಲೇ?”

“ಅಯ್ಯಯ್ಯೋ, ಅದನ್ನು ಮಾತ್ರ ಮುಟ್ಟಬೇಡ ತಾಯಿ! ಅದು ನನ್ನ ಗೆಳೆಯನದು. ಬೇಡವಾಗಿದ್ದರೆ ಅವನೇ ಹಿಂದಿರುಗಿಸುತ್ತಿದ್ದ.”

ಅವಳಿಗೆ ಆಶ್ಚರ್ಯವಾಯಿತು. “ಹಿಂದಿರುಗಿಸುವುದು ಹೇಗೆ ಅಣ್ಣಾ? ರದ್ದು ಮಾಡುವ ಗುಂಡಿ ಇರುವುದು ಕೊಟ್ಟವರ ಬಳಿ. ಪಡೆದವರಿಗೆ ಬೇಡ ಎನ್ನಲಿಕ್ಕೂ ಬರುವುದಿಲ್ಲ. ಅವರು ಹಣ ಕಳಿಸಿದಾಗ ಅದು ತನ್ನಷ್ಟಕ್ಕೆ ಖರ್ಚಾಗುತ್ತದೆ. ಕೊಟ್ಟವರು ಯಾರೆಂದು ಅವರು ನೋಡಿರಲಿಕ್ಕೂ ಇಲ್ಲ.”

ವ್ಯಾಪಾರಿಗೆ ಇದು ಹೊಸ ಸುದ್ದಿ. ಇಷ್ಟು ವರ್ಷ ಇದೇ ವ್ಯಾಪಾರ ಮಾಡಿದವನಿಗೆ ಅಷ್ಟೂ ತಿಳಿಯದೇ ಎಂದು ನೀನು ಕೇಳಬಹುದು. ಅವನು ಯಾವಾಗಲೂ ಕೊಟ್ಟವನಪ್ಪಾ, ಒಮ್ಮೆಯೂ ಪಡೆದವನಲ್ಲ. ಪಡೆದವನ ಕಡೆ ಏನಿದೆ, ಏನಿಲ್ಲ ಎಂದು ನೋಡುವ ಪ್ರಸಂಗವೇ ಅವನಿಗೆ ಬಂದಿರಲಿಲ್ಲ.

ಅವಳು ಹೋದ ಮೇಲೆ ಅವನು ಬಿಕ್ಕಿ ಬಿಕ್ಕಿ ಅತ್ತ. ಯಾವುದನ್ನು ಗೆಳೆಯನ ಪ್ರೀತಿ ಎಂದುಕೊಂಡು ಇಷ್ಟು ದಿನ ಬದುಕಿದ್ದನೋ ಅದು ಬರೀ ಯಂತ್ರದ ಲೆಕ್ಕವಾಗಿತ್ತು. ಆಮೇಲೆ ಕಣ್ಣೊರೆಸಿಕೊಂಡು, ಆ ಒಂದು ವಿಳಾಸಕ್ಕೆ ಕೊಟ್ಟದ್ದನ್ನು ತನ್ನ ಕೈಯಾರೆ ರದ್ದು ಮಾಡಿದ. ಶಕ್ತಿ ಹಿಂದಕ್ಕೆ ಬಂತು. ಅದರಿಂದ ಅವನಿಗೆ ಆಗಬೇಕಾದದ್ದೇನೂ ಇರಲಿಲ್ಲ. “ನಿಂತುಹೋದದ್ದಾದರೂ ಅವನ ಗಮನಕ್ಕೆ ಬಂದೀತು. ಯಾಕೆ ನಿಲ್ಲಿಸಿದೆಯೋ ಎಂದು ಜಗಳವಾಡಲಿಕ್ಕಾದರೂ ಬಂದಾನು” ಎಂದು ಬಾಗಿಲ ಕಡೆ ಮುಖ ಮಾಡಿ ಕುಳಿತ. ಬೀದಿಯಲ್ಲಿ ಯಾರ ಹೆಜ್ಜೆ ಸಪ್ಪಳವಾದರೂ ಎದ್ದು ನಿಲ್ಲುತ್ತಿದ್ದ.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು. ಶಿವಪುತ್ರನಿಗೆ ತಡೆಯಲಾಗಲಿಲ್ಲ.

“ಕೊನೆಗಾದರೂ ಆ ಗೆಳೆಯ ಬಂದನೇ, ಗುರುಗಳೇ?”

“ಇವನು ಕರೆದಿದ್ದನೇನಪ್ಪಾ?” ಎಂದರು ಗುರುಗಳು.