ಹ್ಞೂಂ ಅನ್ನಿಸಿದ ಜಡೆಮಾದಮ್ಮ

ಬಹಳ ಹಿಂದೆ, ಒಂದೂರಲ್ಲಿ, ನಮ್ಮ ಸೋಲಿಗರ ಕಲ್ಲುಬಾಳೆ ಪೋಡಲ್ಲೇ ಅಂತಿಟ್ಕೊಳ್ಳಿ, ಜಡೆಮಾದಮ್ಮ ಅಂತ ಒಬ್ಬಳಿದ್ದಳಂತೆ. ಎಷ್ಟು ಹಿಂದೆ ಅಂತ ಕೇಳಬೇಡಿ. ಟಿ.ವಿ. ಪೆಟ್ಟಿಗೆಗೆ ಬಾಗಿಲಿದ್ದ ಕಾಲ, ಸಾಕಾ? ಹ್ಞೂಂ ಅನ್ರೋ! ಅನ್ನದಿದ್ರೆ ನಾನು ಮುಂದಕ್ಕೆ ಹೋಗಲ್ಲ.

ಅವಳ ಕೆಲಸ ಸುದ್ದಿ ಹೇಳೋದು. ಪೋಡಿಂದ ಪೋಡಿಗೆ ನಡೆದು, ಯಾರಿಗೆ ಮಗು ಆಯ್ತು, ಎಲ್ಲಿ ಆನೆ ಇಳೀತು, ಯಾವ ಮರದಲ್ಲಿ ಜೇನು ಕಟ್ತು, ಎಲ್ಲಾ ಹೇಳ್ತಿದ್ಳಂತೆ. ಒಂದೊಂದು ಸುದ್ದಿಗೂ ನಿಲ್ಲಿಸ್ತಿದ್ಳು. ಕೇಳಿದೋರು ಹ್ಞೂಂ ಅನ್ನಬೇಕು. ಅಂದ್ಮೇಲೆ, ನಂಗೆ ಗೊತ್ತಿರಲಿಲ್ಲ ಅನ್ನೋ ಹಂಗಿಲ್ಲ. ಅದು ಅವಳ ಕಟ್ಟುಪಾಡು.

ಒಂದು ವರ್ಷ ಕಾಡಿನ ಇಲಾಖೆ ಸಾಹೇಬನೊಬ್ಬ ಬಂದು ತೊರೆ ದಾರಿಗೆ ಬೇಲಿ ಹಾಕಿಸಿ, ಗೇಟಿಗೆ ಬೀಗ ಜಡಿದನಂತೆ. ಗುಡ್ಡ ಸುತ್ತಿ ನೀರು ಹೊತ್ತೂ ಹೊತ್ತೂ ಹೆಂಗಸರ ಸೊಂಟ ಬಿದ್ದೋಯ್ತು. ಅರ್ಜಿ ಕೊಟ್ರು, ಕಾಲಿಗೆ ಬಿದ್ರು. ಅವನು ತಲೆ ಎತ್ತಿ ನೋಡಲಿಲ್ಲ. ಅವನ ಮನೆ ಹಾಳಾಗ... ಬೇಡ ಬಿಡಿ, ಆಮೇಲೆ ಒಳ್ಳೆಯೋನಾದ.

ಅಷ್ಟರಲ್ಲಿ ದಿಲ್ಲಿ ಟಿ.ವಿ.ಯವರು ಬಂದ್ರಂತೆ. ಕಾಡಿನೋರ ಸುದ್ದೀನ ಕಾಡಿನೋರ ಬಾಯಲ್ಲೇ ದೇಶಕ್ಕೆಲ್ಲ ಕೇಳಿಸ್ತೀವಿ, ಒಂದ್ಸಲ ನೋಡ್ತೀವಿ, ಸರಿಹೋದ್ರೆ ವಾರ ವಾರ ಅಂದ್ರಂತೆ. ಏಳು ಪೋಡಿನೋರೂ ಜಡೆಮಾದಮ್ಮನ ಕಡೆಗೇ ಕೈ ತೋರಿಸಿದ್ರು. ರೈಲು ಹತ್ತೋವಾಗ ಹೆಂಗಸರು ಹೇಳಿದ್ದು ಒಂದೇ, ಬೀಗದ ಸುದ್ದಿ ಮರೀಬೇಡ ಕಣವ್ವ ಅಂತ.

ದಿಲ್ಲೀಲಿ ಪೌಡರ್ ಬಳಿಯೋಕೆ ಬಂದೋಳ ಕೈಗೆ ಪಟ್ ಅಂತ ಹೊಡೆದ್ಳಂತೆ! ದೀಪಗಳ ಮುಂದೆ ಚಾಪೆ ಹಾಕಿಸ್ಕೊಂಡು ಕೂತು, ನಮ್ಮ ಮಾತಲ್ಲೇ ಬೀಗದ ಸುದ್ದಿ ಹೇಳಿದ್ಳು. ಆಗಲೇ ದೇಶದ ಟಿ.ವಿ.ಗಳಲ್ಲಿ ಅವಳ ಮುಖದ ಕೆಳಗೆ ಬೇರೆ ಭಾಷೆ ಅಕ್ಷರ ಓಡ್ತಿತ್ತು. ಹೇಳಿ, ಸುಮ್ಮನಾದ್ಳು. ಹ್ಞೂಂ ಬರಬೇಕಲ್ಲ! ಅಲ್ಲಿ ಯಾರೂ ಉಸಿರೆತ್ತೋ ಹಂಗಿಲ್ಲವಂತೆ. ಮುಂದಕ್ಕೆ ಹೋಗಮ್ಮ ಅಂತ ಕೈಸನ್ನೆ ಮಾಡ್ತಾರೆ, ಇವಳು ಅಲುಗಲ್ಲ. ಇಡೀ ದೇಶ ಸುಮ್ಮನೆ ಕೂತ ಒಬ್ಬ ಹೆಂಗಸನ್ನ ನೋಡ್ತಾ ಕೂತಿತ್ತಂತೆ. ಈ ಕಾರ್ಯಕ್ರಮಾನೇ ಕಿತ್ತಾಕಿ ಅಂತ ಟಿ.ವಿ.ಯ ದೊಡ್ಡೋರು ಎದ್ದೇಬಿಟ್ರು.

ಕ್ಯಾಮೆರಾ ಹಿಡಿದೋನು ತಡೀಲಾರದೆ ಹ್ಞೂಂ ಅಂದನಂತೆ.

"ನೀನಲ್ಲ ಕಣಪ್ಪ," ಅಂದ್ಳು ಜಡೆಮಾದಮ್ಮ. "ಬೀಗ ಹಾಕಿದೋನು ಅನ್ನಬೇಕು."

ಇತ್ತ ಬೆಟ್ಟದ ಕೆಳಗಿನ ಪಟ್ಟಣದಲ್ಲಿ ಆ ಸಾಹೇಬ ಟಿ.ವಿ. ಮುಂದೆ ಊಟಕ್ಕೆ ಕೂತಿದ್ದನಂತೆ. ತುತ್ತು ಬಾಯಲ್ಲೇ ಉಳೀತು. ಬಡಿಸ್ತಿದ್ದ ಅವನ ತಾಯಿ ಸೌಟು ಎತ್ತಿದ್ಳಂತೆ, ಪಾಪ ಆ ಯಮ್ಮ ಕಾಯ್ತಾ ಕೂತವಳೆ, ಹ್ಞೂಂ ಅನ್ನೋ ಅಂತ. ಅನ್ನ ತುಂಬಿದ ಬಾಯಲ್ಲೇ ಅವನು ಹ್ಞೂಂ ಅಂದ.

ಅದೇ ಗಳಿಗೇಲಿ, ದಿಲ್ಲೀಲಿ, ಜಡೆಮಾದಮ್ಮ ನಕ್ಕು ಮುಂದಿನ ಸುದ್ದಿಗೆ ಹೋದ್ಳಂತೆ! ಹೆಂಗೆ ಕೇಳಿಸ್ತು ಅಂತ ನನ್ನ ಕೇಳಬೇಡಿ. ಕೇಳಿಸ್ತು, ಅಷ್ಟೇ.

ಬೆಳಗಾಗೋದ್ರೊಳಗೆ ಸಾಹೇಬ ತಾನೇ ಬೀಗದಕೈ ಹಿಡ್ಕೊಂಡು ಬೆಟ್ಟ ಹತ್ತಿದ. ಹ್ಞೂಂ ಅಂದಾಗಿತ್ತಲ್ಲ, ಇನ್ನೇನು ಮಾಡ್ತಾನೆ? ಹೆಂಗಸರು ಅವನಿಗೆ ಜೇನು ಕೊಟ್ಟು ಕುಣಿದ್ರಂತೆ. ಜಡೆಮಾದಮ್ಮನ ಸುದ್ದಿ ಅವಳಿರೋವರೆಗೂ ವಾರ ವಾರ ದೇಶಕ್ಕೆಲ್ಲ ಬಂತು.

ಈಗಲ್ಲಿ ಗೇಟಿಲ್ಲ, ಎರಡು ಕಲ್ಲುಕಂಬ ನಿಂತವೆ. ಕಲ್ಲುಬಾಳೆಯ ಹೆಂಗಸರು ಇವತ್ತಿಗೂ ತುಂಬಿದ ಕೊಡ ಹೊತ್ತು ಅದರ ನಡುವೆ ಬರೋವಾಗ ಒಂದು ಗಳಿಗೆ ನಿಂತು, ಜೋರಾಗಿ ಹ್ಞೂಂ ಅಂದೇ ಮನೆಗೆ ಹೋಗ್ತಾರೆ.