ಉಸಿರಿನ ಅಳತೆ

“ಕೇಳಿದ್ದನ್ನು ಬರೆಯದ ಹುಡುಗಿಗೆ ಸೊನ್ನೆ ಕೊಟ್ಟೆ. ಅದು ತಪ್ಪೇ, ಸರ್?” ಎಂದು ವಿನುತಾ ಕೇಳಿದಳು.

ಪದ್ಮರಾಜಯ್ಯನವರು ಅವಳಿಗೆ ಪಾಠ ಹೇಳಿದ ಗುರುಗಳು. ನಿವೃತ್ತರಾದ ಮೇಲೂ ಕಾಲೇಜಿನ ಗ್ರಂಥಾಲಯಕ್ಕೆ ಬಂದು ಕೂರುತ್ತಿದ್ದರು. ವಿನುತಾ ಈಗ ಅದೇ ಕಾಲೇಜಿನಲ್ಲಿ ಪದವಿ ವಿದ್ಯಾರ್ಥಿಗಳಿಗೆ ಫಂಕ್ಷನಲ್ ಪ್ರೋಗ್ರಾಮಿಂಗ್ ಎಂಬ ಕಂಪ್ಯೂಟರ್ ವಿಷಯ ಕಲಿಸುತ್ತಿದ್ದಳು. ಏನಾಯಿತು, ಮೊದಲಿನಿಂದ ಹೇಳು ಎಂದರು ಗುರುಗಳು.

ವಿನುತಾ ಹೇಳಿದಳು. ಆ ವಾರ ಅವಳು ಟೈಪ್ ಕ್ಲಾಸ್ ಪಾಠ ಮಾಡಿದ್ದಳು. ಟೈಪ್ ಕ್ಲಾಸ್ ಎಂದರೆ ಸಂಖ್ಯೆ, ಪದ ಮೊದಲಾದ ಮಾಹಿತಿಯ ಬಗೆಗಳು ಒಪ್ಪಿಕೊಳ್ಳುವ ಒಂದು ಒಪ್ಪಂದ, ನೀನು ಯಾರು ಎಂದು ಅದು ಕೇಳುವುದಿಲ್ಲ, ಈ ಕೆಲಸ ನಿನ್ನಿಂದ ಆಗುತ್ತದೆಯೇ ಎಂದಷ್ಟೇ ಕೇಳುತ್ತದೆ ಎಂದು ವಿವರಿಸಿದ್ದಳು. ಕ್ರಮ ಎಂಬ ಒಪ್ಪಂದವನ್ನು ಉದಾಹರಣೆಗೆ ತೆಗೆದುಕೊಂಡಿದ್ದಳು. ಯಾವ ಎರಡನ್ನು ಮುಂದಿಟ್ಟರೂ ಇದು ಮೊದಲು, ಅದು ಆಮೇಲೆ ಎಂದು ಹೇಳಲು ಬರಬೇಕು. ಸಂಖ್ಯೆಗಳು ಅದನ್ನು ಒಂದು ರೀತಿಯಲ್ಲಿ ಹೇಳುತ್ತವೆ, ಪದಗಳು ಇನ್ನೊಂದು ರೀತಿಯಲ್ಲಿ. ಕೊನೆಗೆ ನಾಲ್ಕು ದಿಕ್ಕುಗಳನ್ನು ಕೊಟ್ಟು, ಇವಕ್ಕೂ ಕ್ರಮ ಬರೆಯಿರಿ ಎಂದಿದ್ದಳು. ಒಬ್ಬರು ಪೂರ್ವವನ್ನು ಮೊದಲಿಟ್ಟರು, ಇನ್ನೊಬ್ಬರು ಉತ್ತರವನ್ನು. ಕಂಪ್ಯೂಟರ್ ಎಲ್ಲರದನ್ನೂ ಒಪ್ಪಿಕೊಂಡಿತು. ತಸ್ನೀಮ್ ಎಂಬ ಹುಡುಗಿ ಮಾತ್ರ, ದಿಕ್ಕುಗಳಲ್ಲಿ ಹಿಂದುಮುಂದು ಇಲ್ಲ, ಆದ್ದರಿಂದ ಬರೆಯಲಾರೆ ಎಂದು ಒಂದೇ ಸಾಲು ಬರೆದು ಕೊಟ್ಟಿದ್ದಳು. ವಿನುತಾ ಅದನ್ನು ತರಗತಿಯಲ್ಲಿ ಓದಿ ಹೇಳಿದಳು. ಹುಡುಗರು ನಕ್ಕರು.

ಪದ್ಮರಾಜಯ್ಯನವರು ಅದಕ್ಕೆ ಉತ್ತರವಾಗಿ ಈ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ವರ್ತಕನಿದ್ದ. ಕಸುಬು ಬಲ್ಲವರನ್ನು ಕಂಡರೆ ಅವನಿಗೆ ಪ್ರೀತಿ. ವರ್ಷಕ್ಕೊಮ್ಮೆ ಎಲ್ಲರನ್ನೂ ಕರೆಸಿ, ಪ್ರತಿ ಕಸುಬಿನಲ್ಲೂ ಮುಂದಿದ್ದವರಿಗೆ ಸಭೆಯಲ್ಲಿ ಶಾಲು ಹೊದಿಸುತ್ತಿದ್ದ. ಯಾರು ಮುಂದು ಎಂದು ಹೇಳಲು ಒಬ್ಬ ಪರೀಕ್ಷಕನನ್ನು ಇಟ್ಟುಕೊಂಡಿದ್ದ.

ಪರೀಕ್ಷಕ ಪ್ರಾಮಾಣಿಕ. ಒಂದು ಕಸುಬಿನ ಅಳತೆಯನ್ನು ಇನ್ನೊಂದಕ್ಕೆ ಹಚ್ಚುತ್ತಿರಲಿಲ್ಲ. ನೇಕಾರರ ಬಟ್ಟೆಯನ್ನು ಬೆಳಕಿಗೆ ಹಿಡಿದು ಎಳೆ ನೋಡುತ್ತಿದ್ದ. ಮದ್ದಲೆಯವರನ್ನು ಒಟ್ಟಿಗೆ ನುಡಿಸಲು ಹೇಳಿ, ಯಾರ ಲಯ ಮೊದಲು ಜಾರುತ್ತದೆ ಎಂದು ಕೇಳುತ್ತಿದ್ದ. ಕುಂಬಾರರ ಮಡಕೆಯಲ್ಲಿ ನೀರು ತುಂಬಿಸಿ, ಯಾವುದು ಸೋರುತ್ತದೆ ಎಂದು ಕಾಯುತ್ತಿದ್ದ. ಸೋತವರೂ ಅವನ ಮಾತಿಗೆ ತಲೆದೂಗುತ್ತಿದ್ದರು. ಅಳೆಯಲು ಬಾರದ್ದು ಯಾವುದೂ ಇಲ್ಲ, ಸರಿಯಾದ ಅಳತೆ ಹುಡುಕಬೇಕು ಅಷ್ಟೆ ಎಂದು ಅವನು ನಂಬಿದ್ದ.

ಒಂದು ವರ್ಷ ವರ್ತಕನ ತಾಯಿ ತೀರಿಕೊಂಡಳು. ಆ ಸೀಮೆಯಲ್ಲಿ ಸಾವಾದ ಮನೆಗೆ ಹೆಂಗಸರು ಹೋಗಿ ಹಾಡಿಕೊಂಡು ಅಳುವುದು ವಾಡಿಕೆ. ಅದರಲ್ಲಿ ಹೆಸರಾದವರು ಇಬ್ಬರು. ಒಬ್ಬಳು ಬಳೆಗಾರ್ತಿ, ಇನ್ನೊಬ್ಬಳು ಹೂವಾಡಗಿತ್ತಿ. ಇಬ್ಬರೂ ಬಂದು ಹಾಡಿದರು. ವರ್ತಕ ಮನಸಾರೆ ಅತ್ತ, ಅತ್ತು ಹಗುರಾದ. ಈ ಋಣಕ್ಕೆ ಏನಾದರೂ ಮಾಡಬೇಕು ಎನಿಸಿತು. ಅವನಿಗೆ ಗೊತ್ತಿದ್ದದ್ದು ಶಾಲು ಹೊದಿಸುವುದೊಂದೇ. ಇಬ್ಬರಲ್ಲಿ ಯಾರು ಮುಂದು, ಈ ಸಲದ ಸಭೆಯಲ್ಲಿ ಹೇಳು ಎಂದು ಪರೀಕ್ಷಕನಿಗೆ ಹೇಳಿ ಕಳಿಸಿದ.

ಪರೀಕ್ಷಕ ಸಾವಿನ ಮನೆಗಳಿಗೆ ಹೋಗಿ ಹೊರಗೆ ನಿಂತು ಕೇಳಿದ. ಬಳೆಗಾರ್ತಿಯದು ಉದ್ದನೆಯ ದನಿ. ಒಮ್ಮೆ ಎತ್ತಿದರೆ ಓಣಿಯ ತುದಿಯವರೆಗೂ ಮುರಿಯದೆ ಸಾಗುತ್ತಿತ್ತು. ಕೇಳಿದವರು ಕೆಲಸ ಬಿಟ್ಟು ನಿಲ್ಲುತ್ತಿದ್ದರು. ಹೂವಾಡಗಿತ್ತಿ ಬಂದವಳು ಮೊದಲು ಮನೆಯವರ ಪಕ್ಕದಲ್ಲಿ ಕೂರುತ್ತಿದ್ದಳು. ಹೋದವರು ಏನು ತಿನ್ನುತ್ತಿದ್ದರು, ಯಾರೊಡನೆ ಜಗಳವಾಡುತ್ತಿದ್ದರು, ಯಾವ ಮಾತಿಗೆ ನಗುತ್ತಿದ್ದರು ಎಂದು ಕೇಳುತ್ತಿದ್ದಳು. ಅದನ್ನೇ ಹಾಡುತ್ತಿದ್ದಳು. ನಡುವೆ ಅವಳ ದನಿ ಕಟ್ಟಿ ನಿಲ್ಲುತ್ತಿತ್ತು. ನಿಂತಲ್ಲಿಂದ ಮನೆಯವರಲ್ಲಿ ಯಾರಾದರೂ ಮುಂದುವರಿಸುತ್ತಿದ್ದರು.

ಪರೀಕ್ಷಕನಿಗೆ ಅಳತೆ ಸಿಗಲಿಲ್ಲ. ದಾರಿಯುದ್ದಕ್ಕೂ ಯೋಚಿಸಿದ. ಇವರಿಬ್ಬರಲ್ಲಿ ಹಿಂದುಮುಂದು ಇಲ್ಲ ಎಂದು ಒಳಗೆ ಹೊಳೆಯುತ್ತಲೂ ಇತ್ತು. ಹಾಗೆಂದು ಹೇಳಿಬಿಡಬಹುದಾಗಿತ್ತು. ಆದರೆ ಸಭೆಯಲ್ಲಿ ವರ್ತಕ ಕೇಳಿದಾಗ ಎಲ್ಲರ ಕಣ್ಣೂ ಅವನ ಮೇಲಿತ್ತು. ಗೊತ್ತಿಲ್ಲ ಎಂದು ಅಲ್ಲಿ ಅವನು ಒಮ್ಮೆಯೂ ಹೇಳಿದವನಲ್ಲ.

“ಉಸಿರು ಮುರಿಯದೆ ಹಾಡುವವಳು ಮುಂದು,” ಎಂದುಬಿಟ್ಟ.

ಯಾರೂ ತಕರಾರು ಮಾಡಲಿಲ್ಲ. ಅಳತೆ ಎಲ್ಲರಿಗೂ ಅರ್ಥವಾಗುವಂತಿತ್ತು, ಯಾರು ಬೇಕಾದರೂ ಕೇಳಿ ತಿಳಿಯಬಹುದಿತ್ತು. ಬಳೆಗಾರ್ತಿಗೆ ಶಾಲು ಹೊದಿಸಿದರು. ಹೂವಾಡಗಿತ್ತಿ ಸೆರಗು ಸರಿಮಾಡಿಕೊಂಡು ಎದ್ದು ಹೋದಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಅದನ್ನು ನೋಡಿ ಪರೀಕ್ಷಕನಿಗೆ ಸಮಾಧಾನವೇ ಆಯಿತು.

ಅಲ್ಲಿಂದ ಮುಂದೆ ಸಾವಾದ ಮನೆಯವರು ಬಳೆಗಾರ್ತಿಯನ್ನೇ ಕರೆಯತೊಡಗಿದರು. ಅವಳೂ ಉಸಿರು ಬೆಳೆಸಿಕೊಂಡಳು. ಅವಳ ಹತ್ತಿರ ಕಲಿಯಲು ಬಂದ ಹೆಣ್ಣುಮಕ್ಕಳು ಮೊದಲು ಉಸಿರು ಹಿಡಿಯುವುದನ್ನು ಕಲಿತರು. ಹೋದವರ ಬಗ್ಗೆ ಕೇಳುವ ರೂಢಿ ತಪ್ಪಿತು. ಹೂವಾಡಗಿತ್ತಿ ಹೂವು ಮಾರಿಕೊಂಡಿದ್ದಳು.

ಕೆಲವು ವರ್ಷ ಕಳೆದ ಮೇಲೆ ಪರೀಕ್ಷಕನ ಹೆಂಡತಿ ಕಾಯಿಲೆ ಬಿದ್ದು ತೀರಿಕೊಂಡಳು. ಬಳೆಗಾರ್ತಿ ಕರೆಯುವ ಮೊದಲೇ ಬಂದಳು. ತನ್ನನ್ನು ಮುಂದೆ ತಂದವನ ಮನೆ ಎಂದು ಎಂದಿಗಿಂತ ಚೆನ್ನಾಗಿ ಹಾಡಿದಳು. ಅಂಗಳದಲ್ಲಿ ನೆರೆದವರು ಏನು ಉಸಿರು, ಏನು ಉಸಿರು ಎಂದು ಮಾತಾಡಿಕೊಂಡರು. ಹೆಂಡತಿಯ ತಲೆಯ ಬಳಿ ಕೂತಿದ್ದ ಪರೀಕ್ಷಕನೂ ದನಿ ಎಲ್ಲಿ ಮುರಿದೀತು ಎಂದೇ ಕಾಯುತ್ತಿದ್ದ. ಹಾಡು ಮುಗಿದಾಗ ಅವನಿಗೆ ಅದು ತಿಳಿಯಿತು. ಕಣ್ಣು ಒಣಗಿಯೇ ಇತ್ತು. ಅಷ್ಟು ಹೊತ್ತೂ ಅವನು ಹೆಂಡತಿಯನ್ನು ನೆನೆದಿರಲಿಲ್ಲ.

ಅವನು ಎದ್ದು, ಯಾರಿಗೂ ಹೇಳದೆ, ಹೂವಾಡಗಿತ್ತಿಯ ಮನೆಗೆ ಹೋದ. ಅವಳು ಜಗಲಿಯ ಮೇಲೆ ಹೂವು ಕಟ್ಟುತ್ತಿದ್ದಳು. ಹೆಂಡತಿ ಹೋದದ್ದನ್ನು ಹೇಳಿದ. ಅಂದು ಸಭೆಯಲ್ಲಿ ತಾನು ಆಡಿದ್ದು ತಪ್ಪು ಎಂದ. ಬಂದು ಹಾಡಬೇಕು ಎಂದು ಕೈಮುಗಿದ.

ಹೂವಾಡಗಿತ್ತಿ ಕಟ್ಟುತ್ತಿದ್ದ ದಾರವನ್ನು ಕೆಳಗಿಟ್ಟಳು.

“ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ, ಸ್ವಾಮಿ. ಆ ಸಭೆಯಾದ ಮೇಲೆ ನನ್ನ ತಂಗಿ ತೀರಿಕೊಂಡಾಗ ಹಾಡಲು ಕೂತೆ. ನನ್ನ ಉಸಿರು ಎಲ್ಲಿ ಮುರಿಯುತ್ತದೆ ಎಂಬುದೊಂದೇ ಕೇಳಿಸುತ್ತಿತ್ತು. ತಂಗಿಯ ಒಂದು ಮಾತೂ ನೆನಪಾಗಲಿಲ್ಲ. ಆಮೇಲೆ ನಾನು ಹಾಡಿಲ್ಲ.”

ಅವಳು ಕಟ್ಟಿದಷ್ಟು ಹೂವನ್ನು ಎಲೆಯಲ್ಲಿ ಸುತ್ತಿ ಅವನ ಕೈಗೆ ಕೊಟ್ಟಳು. ಅವನು ಅದನ್ನು ತಂದು ಹೆಂಡತಿಯ ಮುಡಿಗೆ ಇಟ್ಟ.

ಕರ್ಮಾಂತರ ಮುಗಿದ ಮೇಲೆ ವರ್ತಕನ ಬಳಿಗೆ ಹೋಗಿ ಎಲ್ಲವನ್ನೂ ಹೇಳಿದ. ವರ್ತಕ ಒಳ್ಳೆಯವನು. ಸಾವಿನ ಹಾಡಿಗೆ ಇನ್ನು ಶಾಲು ಇಲ್ಲ, ಅದರಲ್ಲಿ ಹಿಂದುಮುಂದು ಇಲ್ಲ ಎಂದು ಸಭೆಯಲ್ಲೇ ಸಾರಿದ. ಜನ ಒಪ್ಪಿದರು. ಹೂವಾಡಗಿತ್ತಿಯ ಮನೆಗೂ ಹೋಗಿ ಹೇಳಿ ಬಂದರು. ಅವಳು ಬಂದವರಿಗೆ ನೀರು ಕೊಟ್ಟು ಉಪಚರಿಸಿದಳು. ಯಾರ ಮನೆಗೂ ಹಾಡಲು ಬರಲಿಲ್ಲ. ಪರೀಕ್ಷಕ ಆ ಕೆಲಸ ಬಿಟ್ಟ. ದಿನವೂ ಅವಳ ಬಳಿ ಹೂವು ಕೊಳ್ಳುತ್ತಿದ್ದ. ಹಾಡಿನ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ವಿನುತಾಳಿಗೆ ತನ್ನ ತಪ್ಪು ಗೊತ್ತಾಗಿತ್ತು. ಕ್ರಮ ಇಲ್ಲದ್ದಕ್ಕೆ ಕ್ರಮ ಬರೆಯಲು ತಾನೇ ಹೇಳಿದ್ದೆ, ಒಪ್ಪಂದವನ್ನು ಸರಿಯಾಗಿ ತಿಳಿದವಳು ತಸ್ನೀಮ್ ಒಬ್ಬಳೇ ಎಂದಳು. ನಾಳೆಯೇ ಪೂರ್ತಿ ಅಂಕ ಕೊಟ್ಟು, ಕಾರಣವನ್ನು ತರಗತಿಯಲ್ಲಿ ಎಲ್ಲರಿಗೂ ಹೇಳುತ್ತೇನೆ ಎಂದಳು.

“ಕೊಡಮ್ಮ,” ಎಂದರು ಪದ್ಮರಾಜಯ್ಯನವರು. “ತರಗತಿ ನಕ್ಕ ದಿನದಿಂದ ಆ ಹುಡುಗಿ ನಿನ್ನನ್ನು ಒಂದಾದರೂ ಪ್ರಶ್ನೆ ಕೇಳಿದ್ದಾಳೆಯೇ?”

“ಇಲ್ಲ, ಸರ್. ಒಂದೂ ಕೇಳಿಲ್ಲ,” ಎಂದಳು ವಿನುತಾ.